ಬೆಲ್ಲ ಬಿಟ್ಟ ಕರಾರು ಮತ್ತು ಅದರ ರದ್ದತಿ

ನಲವತ್ತು ವರ್ಷ ನಾನು ಕುಂದಾಪುರದಲ್ಲಿ, ಜಾಗದ ಕಾಗದ ನೋಂದಣಿ ಮಾಡುವ ಕಚೇರಿಯ ಎದುರಿನ ಒಂದು ಕೋಣೆಯಲ್ಲಿ ಕೂತು, ಬೇರೆಯವರ ಆಸ್ತಿಗೆ ದಸ್ತಾವೇಜು ಬರೆದವನು. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ವೀಲುನಾಮೆ ಯಾವುದನ್ನೂ ಬಿಟ್ಟಿಲ್ಲ. ಸ್ವಂತಕ್ಕೆಂದು ಬರೆದದ್ದು ಮಾತ್ರ ಎರಡೇ. ಒಂದು ಕರಾರು, ಇನ್ನೊಂದು ಸದರಿ ಕರಾರಿನ ರದ್ದತಿ ಪತ್ರ. ಎರಡರಲ್ಲೂ ಎದುರು ಪಕ್ಷದವರು ದೇವರು. ಎರಡರಲ್ಲೂ ವಿಷಯ ಬೆಲ್ಲ. ಎರಡನ್ನೂ ಛಾಪಾ ಕಾಗದದ ಮೇಲೆ ಬರೆಯಲಿಲ್ಲ ಎಂಬುದೊಂದೇ ಅವುಗಳಲ್ಲಿದ್ದ ಲೋಪ ಎಂದು ಆಗ ತಿಳಿದುಕೊಂಡಿದ್ದೆ.

ಮದುವೆ ಎಂಬ ದಸ್ತಾವೇಜಿಗೆ ಸಕಾಲದಲ್ಲಿ ಎದುರು ಪಕ್ಷದವರು ಒದಗಿ ಬರದ ಕಾರಣ ನಾನು ಒಂಟಿಯಾಗಿ ಉಳಿದೆ. ಭಾವ ತೀರಿಕೊಂಡ ಮೇಲೆ ಕೋಟದಲ್ಲಿರುವ ಅಕ್ಕನ ಮನೆಗೆ ಬಂದು ಸೇರಿದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅವಳಿಗೆ ಇಬ್ಬರ ಮೇಲೆ ಮಾತ್ರ ಪೂರ್ತಿ ನಂಬಿಕೆ: ಊರ ದೇವರು, ಆಮೇಲೆ ನನ್ನ ಕೈಬರಹ.

ನಮ್ಮ ಕಡೆ ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಕೊಡುವುದು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಈಗ ಎಷ್ಟೋ ಮನೆಗಳಲ್ಲಿ ಚಹಾ ಬಂದು ಆ ಜಾಗದಲ್ಲಿ ಕೂತಿದೆ. ಅಕ್ಕ ಮಾತ್ರ ಬಿಟ್ಟಿರಲಿಲ್ಲ. ಜಗಲಿಯ ಮೂಲೆಯಲ್ಲಿ ಬೆಲ್ಲದ ಡಬ್ಬಿ ಯಾವಾಗಲೂ ಇರಬೇಕು. ಕರೆಂಟಿನ ಮೀಟರ್ ನೋಡಲು ಬಂದವನಿಗೆ ಬೆಲ್ಲ-ನೀರು. ಕಾಗದ ತಂದ ಅಂಚೆಯವನಿಗೆ ಬೆಲ್ಲ-ನೀರು. ಚುನಾವಣೆಯ ಸಮಯದಲ್ಲಿ ಬಂದ ಮೂರೂ ಪಕ್ಷದವರಿಗೆ ಬೆಲ್ಲ-ನೀರು. ಮೂವರೂ ನಮ್ಮ ಮನೆಯ ಮತ ತಮಗೇ ಎಂದು ನಂಬಿಕೊಂಡು ಹೋಗುತ್ತಿದ್ದರು.

ಅಕ್ಕನ ಕೆಮ್ಮು ಮಳೆಗಾಲದಲ್ಲಿ ಶುರುವಾಗಿ ಮಳೆ ಮುಗಿದ ಮೇಲೂ ನಿಲ್ಲಲಿಲ್ಲ. ಊರಿನ ಡಾಕ್ಟರು ಮೂರು ಬಾಟಲಿ ಔಷಧಿ ಬದಲಿಸಿ, ನಾಲ್ಕನೆಯದಕ್ಕೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಒಲೆಯ ಹೊಗೆ ಬಿಟ್ಟು ಬೇರೆ ಹೊಗೆ ಕಾಣದ ನನ್ನ ಅಕ್ಕನ ಎಡಗಡೆಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಅಲ್ಲಿ ತಿಳಿಯಿತು. ನೋಡುತ್ತಿದ್ದ ಡಾಕ್ಟರು ಗಂಗೊಳ್ಳಿಯ ಹುಡುಗಿ. ಹುಡುಗಿ ಎಂದರೆ ನಲವತ್ತರ ಆಸುಪಾಸಿನವಳು. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಮನೆಯವರಿಗೆ ಬೋಟಿತ್ತಂತೆ, ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಪಾಲೂ ಇತ್ತಂತೆ. ಅಕ್ಕನ ಹತ್ತಿರ ನಮ್ಮದೇ ಮಾತಿನಲ್ಲಿ ಮಾತಾಡುತ್ತಿದ್ದಳು. ಅಕ್ಕನಿಗೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು. ಉಳಿದ ಅರ್ಧ ಉಳಿಯಿತು.

ಮದ್ದು ಶುರುಮಾಡುವ ಮೊದಲು ಇಡೀ ಮೈಯ ಒಂದು ಸ್ಕ್ಯಾನ್ ಮಾಡಬೇಕೆಂದರು. ಬೆಳಿಗ್ಗೆಯಿಂದ ಉಪವಾಸ, ಸಿಹಿ ಮುಟ್ಟುವ ಹಾಗಿಲ್ಲ. ಯಂತ್ರದ ಕೋಣೆಯ ಹುಡುಗ ಸೂಜಿ ಚುಚ್ಚಿ ಅಕ್ಕನನ್ನು ಒಳಗೆ ಕಳಿಸಿದ. ಹೊರಗೆ ಕೂತ ನಾನು ಸುಮ್ಮನಿರಲಾರದೆ ಅದೇನು ಮದ್ದು ಎಂದು ಕೇಳಿದೆ.

"ಒಂಥರಾ ಸಕ್ಕರೆ ಸಾರ್. ಬೆಳಕು ಕೊಡುವ ಸಕ್ಕರೆ. ಗಡ್ಡೆ ಇರುವ ಕಡೆ ಅದು ಜಾಸ್ತಿ ಖರ್ಚಾಗುತ್ತದೆ. ಚಿತ್ರದಲ್ಲಿ ಹೊಳೆಯುತ್ತದೆ" ಎಂದ.

ಆಮೇಲೆ ಚಿತ್ರ ಕೈಗೆ ಬಂತು. ಕಪ್ಪು ಮೈಯ ಒಳಗೆ, ಎಡಗಡೆ ಎದೆಯಲ್ಲಿ, ಹಣತೆ ಹಚ್ಚಿಟ್ಟ ಹಾಗೆ ಒಂದು ಹಳದಿ ಉಂಡೆ. ಹೊಟ್ಟೆಗಿಲ್ಲದೆ ಮಲಗಿದ ನನ್ನ ಅಕ್ಕನ ಒಳಗೆ ಅದು ಕೂತು ಸಕ್ಕರೆ ತಿನ್ನುತ್ತಿದೆ! ಸಾಕ್ಷ್ಯ ಬೇಡುವ ಕಸುಬಿನವನು ನಾನು. ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮನೆಗೆ ಬರುವುದರೊಳಗೆ ತೀರ್ಪೂ ಆಗಿಹೋಗಿತ್ತು: ಸಕ್ಕರೆ ನಿಲ್ಲಿಸಿದರೆ ಗಡ್ಡೆ ಸಾಯುತ್ತದೆ. ಫೋನಿನಲ್ಲಿ ಹುಡುಕಿದೆ. ನನ್ನ ಹಾಗೇ ತೀರ್ಪು ಕೊಟ್ಟವರು ದೇಶದ ತುಂಬ ಇದ್ದರು. ಡಾಕ್ಟರನ್ನು ಕೇಳಬೇಕು ಎಂದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ಕೇಳಿದರೆ ಅವಳು ಬೇಡ ಎಂದಾಳು ಎಂಬ ಅಳುಕಿತ್ತು.

ಅಕ್ಕ ಬಾಯಿಮಾತಿಗೆ ಬಗ್ಗುವವಳಲ್ಲ. ಹಾಗಾಗಿ ಬರೆದೆ. ಬಿಳಿ ಹಾಳೆಯಲ್ಲಿ, ಶಾಯಿ ಪೆನ್ನಿನಲ್ಲಿ: "ಊರ ದೇವರ ಸನ್ನಿಧಿಗೆ ಬರೆದುಕೊಟ್ಟವನಾದ ನಾನೂ, ನನ್ನ ಅಕ್ಕನೂ, ಆಕೆಯ ಕಾಯಿಲೆ ಸಂಪೂರ್ಣ ಗುಣವಾಗುವ ತನಕ ಬೆಲ್ಲ, ಸಕ್ಕರೆ, ಅನ್ನ, ಗಂಜಿ, ಬಾಳೆಹಣ್ಣು ಮತ್ತು ತತ್ಸಂಬಂಧ ಸಕಲ ಸಿಹಿ ಪದಾರ್ಥಗಳನ್ನು ಸ್ವಇಚ್ಛೆಯಿಂದ, ಯಾರೊಬ್ಬರ ಒತ್ತಾಯವೂ ಇಲ್ಲದೆ ತ್ಯಜಿಸಿರುತ್ತೇವೆ. ಸದರಿ ಪದಾರ್ಥಗಳನ್ನು ಮನೆಯೊಳಗೆ ಇಟ್ಟುಕೊಳ್ಳತಕ್ಕದ್ದಲ್ಲ. ಈ ಕರಾರಿಗೆ ನಮ್ಮಿಬ್ಬರಲ್ಲಿ ಯಾರು ತಪ್ಪಿದಾಗ್ಯೂ ಅದರ ಸಕಲ ಫಲವನ್ನು ಬರೆದುಕೊಟ್ಟವನಾದ ನಾನೇ ಅನುಭವಿಸತಕ್ಕದ್ದು."

ಕೊನೆಯ ಸಾಲು ಅಭ್ಯಾಸ ಬಲದಿಂದ ಬಂದದ್ದು. ತಪ್ಪಿದರೆ ಏನು ಎಂದು ಹೇಳದ ಕರಾರು ಕರಾರೇ ಅಲ್ಲ. ಎಲ್ಲಿಯೂ ಸಂದು ಬಿಡದ ಹಾಗೆ ಬರೆಯುತ್ತೇನೆ ಎಂದು ನನಗೆ ಹೆಸರಿತ್ತು.

ಅಕ್ಕನ ಎದುರು ಗಟ್ಟಿಯಾಗಿ ಓದಿದೆ. ಅವಳು ಪೂರ್ತಿ ಕೇಳಿ, "ಅಲ್ದಾ ತಮ್ಮ, ಬಂದವ್ರಿಗೆ ಎಂತ ಕೊಡುದ್?" ಎಂದಳು.

"ನೀರ್ ಕೊಡುವ."

"ಬರೀ ನೀರಾ?"

"ಗುಣ ಆದ್ ಮೇಲೆ ಬೆಲ್ಲ ಕೊಡುಕಿಲ್ಯಾ ಅಕ್ಕ? ಎಲ್ಲಿಗ್ ಓಡಿ ಹೋತ್ ಅದ್?"

ಅಕ್ಕ ಕಾಗದವನ್ನು ತಾನೇ ಕೈಗೆ ತೆಗೆದುಕೊಂಡು, ಒಂದು ನಾಣ್ಯದ ಜೊತೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ದೇವರ ಕೋಣೆಯ ಹಲಗೆಯ ಮೇಲಿಟ್ಟು ಕೈಮುಗಿದಳು. ಬೆಲ್ಲದ ಡಬ್ಬಿಯನ್ನು ತೊಳೆದು ಕವುಚಿ ಹಾಕಿದಳು.

ಆ ದಿನಗಳಲ್ಲಿ ನಾವು ಏನು ತಿಂದೆವು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಹರಿವೆ ಸೊಪ್ಪು, ಬಸಳೆ, ಹುರುಳಿಯ ಕಟ್ಟಿನ ನೀರು. ಮೊದಲ ಸಲದ ಮದ್ದು, ಬಾಟಲಿಯಿಂದ ನರಕ್ಕೆ ಹನಿಹನಿಯಾಗಿ ಬಿಡುವಂಥದ್ದು, ಆ ಹೊತ್ತಿಗೆ ಆಗಿತ್ತು. ಅದರಿಂದ ಬಾಯಿ ರುಚಿ ಕೆಟ್ಟಿತ್ತೋ, ಕಾಯಿಲೆಯಿಂದಲೋ, ಅಥವಾ ನನ್ನ ಸೊಪ್ಪಿನಿಂದಲೋ, ಅಕ್ಕ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು. ನಾನೂ ಅದನ್ನೇ ತಿಂದೆ. ನನ್ನ ಹೊಟ್ಟೆ ಕರಗಿ ಮೆಟ್ಟಿಲು ಹತ್ತುವಾಗ ಹಗುರವಾಗಿತ್ತು. ಕರಾರು ಫಲ ಕೊಡುತ್ತಿದೆ ಎಂದು ಅದನ್ನೂ ಲಾಭದ ಕಡೆಗೇ ಸೇರಿಸಿಕೊಂಡೆ.

ಅಕ್ಕನ ಒಬ್ಬಳೇ ಮಗಳು ಬೈಂದೂರಿನಲ್ಲಿದ್ದಾಳೆ. ಅಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ಭಾನುವಾರ ಬಸ್ಸಿನಲ್ಲಿ ಬಂದವಳು ಒಂದು ಗೊನೆ ಬಾಳೆಹಣ್ಣು ತಂದಿದ್ದಳು. ಕರಾರಿನ ಪ್ರಕಾರ ಅದನ್ನು ಅಂಗಳದಿಂದಲೇ ಪಕ್ಕದ ಮನೆಯ ದನಕ್ಕೆ ಕಳಿಸಿದೆ.

"ಮಾವ, ಡಾಕ್ಟ್ರಿಗೆ ಕೇಂಡ್ರ್ಯಾ?"

"ಚಿತ್ರ ಕಂಡಿದ್ದೆ."

"ಚಿತ್ರ ಕಂಡ್ರೆ ಡಾಕ್ಟ್ರ್ ಆತ್ರಾ? ನಾನ್ ದಿನಾ ಮದ್ದಿನ್ ಡಬ್ಬಿ ಕಾಂತೆ. ಹಂಗಾರೆ ನಾನೂ ಡಾಕ್ಟ್ರೇ."

"ಏ ಹೆಣೆ, ದೊಡ್ಡವ್ರಿಗೆ ಎದ್ರ್ ಮಾತಾಡ್ಬೇಡ" ಎಂದು ಒಳಗಿನಿಂದ ಅಕ್ಕನೇ ಗದರಿದಳು. ನಾನು ಗೆದ್ದೆ.

ಕಾಯಿಲೆಯ ಸುದ್ದಿ ಹಬ್ಬಿ ಜನ ನೋಡಲು ಬರುತ್ತಿದ್ದರು. ಬಂದವರ ಎದುರು ನಾನು ನೀರಿನ ಲೋಟ ಇಡುತ್ತಿದ್ದೆ, ಬರೀ ಲೋಟ. ಕಾಯಿಲೆಗಾಗಿ ಅಕ್ಕ ಅತ್ತದ್ದನ್ನು ನಾನು ನೋಡಿಲ್ಲ. ಸೂಜಿಗೂ ಅಳಲಿಲ್ಲ. ಆ ಲೋಟ ಇಡುವಾಗ ಮಾತ್ರ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಹೋಗುವವರಿಗೆ, "ಇನ್ನೊಂದ್ ಸಲ ಬನ್ನಿ ಅಕಾ, ಹೀಂಗೇ ಇರುದಿಲ್ಲೆ" ಎಂದು ಹೇಳುತ್ತಿದ್ದಳು. ತನ್ನ ಆರೋಗ್ಯದ ಬಗ್ಗೆ ಹೇಳುತ್ತಿದ್ದಾಳೆ ಎಂದು ಅವರು ತಿಳಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಹೇಳುತ್ತಿದ್ದುದು ಬೆಲ್ಲದ ಬಗ್ಗೆ.

ಎರಡನೇ ಸಲದ ಮದ್ದಿಗೆ ಹೋದಾಗ ಅಕ್ಕನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಡಾಕ್ಟರು ಸಂಖ್ಯೆ ನೋಡಿ, ಹಳೆಯ ಚೀಟಿ ನೋಡಿ, ಅಕ್ಕನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು.

"ಅಮ್ಮ, ಎಂತ ಉಂತಿದ್ರಿ ನೀವ್?"

ಅಕ್ಕ ನನ್ನ ಮುಖ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡು ಕರಾರಿನ ಸಾರಾಂಶವನ್ನು ಹೇಳಿದೆ. ಹೇಳುವಾಗ ಶಹಭಾಸ್ ಎಂಬ ಮಾತಿಗೆ ಕಾದಿದ್ದೆನೋ ಏನೋ. ಡಾಕ್ಟರು ಪೆನ್ನು ಕೆಳಗಿಟ್ಟಳು. ಕಂಪ್ಯೂಟರಿನಲ್ಲಿ ಆ ಹಳೆಯ ಚಿತ್ರ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಇದೆಂತ, ಹೇಳಿ ಕಾಂಬ?"

"ಗಡ್ಡೆ."

"ಮೇಲೆ ಹೊಳಿತಿತ್ತಲ್ಲ, ಇದ್?"

ಆಗ ಗಮನಿಸಿದೆ. ಗಡ್ಡೆಗಿಂತ ದೊಡ್ಡದಾಗಿ, ಗಡ್ಡೆಯಷ್ಟೇ ಹಳದಿಯಾಗಿ, ಮೇಲೆ ಇನ್ನೊಂದು ಉಂಡೆ. ಅದು ಅಲ್ಲಿ ಮೊದಲಿನಿಂದಲೂ ಇತ್ತು. ನಾನು ನನಗೆ ಬೇಕಾದ ಸಾಕ್ಷಿಯನ್ನು ಮಾತ್ರ ವಿಚಾರಿಸಿದ್ದೆ.

"ಅದ್ ಅಮ್ಮನ ಮಂಡೆ. ಅದೂ ಸಕ್ರೆಯಗೇ ನಡೂದ್. ಅದ್ನೂ ಉಪಾಸ ಹಾಕುವನಾ ಹಂಗಾರೆ?"

ನಾನು ಕೈಯಲ್ಲಿದ್ದ ಚೀಟಿಗಳನ್ನು ಜೋಡಿಸತೊಡಗಿದೆ. ಅವಳಿಗೆ ಕರುಣೆ ಬಂತೆಂದು ಕಾಣುತ್ತದೆ. ಸ್ವರ ತಗ್ಗಿಸಿದಳು.

"ಕಾಣಿ, ನಾನ್ ಗಂಗೊಳ್ಳಿಯವಳ್. ಬೋಟಿನ ಮಾತಗೆ ಹೇಳ್ತೆ. ಬಂದರದಗೆ ಒಂದ್ ಕಳ್ಳ ಬೋಟ್ ನಿಂತಿತ್ತ್ ಅಂದೇಳಿ ಇಟ್ಕಣಿ. ಮೀನಿಗೆ ಹೋಪುದಿಲ್ಲೆ, ಎಂತದೂ ಇಲ್ಲೆ. ನಿಂತಲ್ಲೇ ಇಂಜಿನ್ ಬಿಟ್ಕಂಡ್ ಡೀಸೆಲ್ ಸುಡುದ್. ಸಮಾ ಸುಡುದೂ ಇಲ್ಲೆ. ಅರೆಬರೆ ಸುಟ್ಟ್, ಹೊಲಸನ್ನ ಸುತ್ತ ನೀರಿಗ್ ಬಿಡತ್ತ್. ಗಡ್ಡೆ ಮಾಡುದ್ ಇದೇ. ಸಕ್ಕರೆ ಹಾಳ್ ಮಾಡಿ ಸುತ್ತಮುತ್ತ ಎಲ್ಲಾ ಹುಳಿ ಮಾಡಿ ಇಡತ್ತ್."

"ಅದಕ್ಕೇ ಡೀಸೆಲ್ ನಿಲ್ಸದ್" ಎಂದೆ.

"ಪೂರ್ತಿ ಕೇಣಿ. ನಮ್ಮ ಮೈಯಗೆ ಕಾವಲಿನವ್ರೂ ಇದ್ರ್. ರಕ್ತದಗೆ ತಿರ್ಗುವ ಕಣಗಳ್. ಕಳ್ಳ ಕಂಡ್ರೆ ಹೊಡುಕೆ ಇಪ್ಪುದ್. ಅವ್ರ ಬೋಟಿಗೂ ಅದೇ ಡೀಸೆಲ್ಲೇ ಬೇಕ್. ಪಂಪ್ ಒಂದೇ. ನೀವ್ ಪಂಪಿಗೇ ಬೀಗ ಹಾಕಿ ಕೂಕಂಡ್ರಿ."

"ಕಳ್ಳನಿಗೂ ಸಿಕ್ಲಿಲ್ಯಲೆ?" ವಾದ ಬಿಡುವ ಅಭ್ಯಾಸ ನನಗಿಲ್ಲ.

"ಕಳ್ಳನಿಗೆ ಪಂಪೇ ಆಯ್ಕಾ? ನೀವ್ ಕೊಡ್ದಿರೆ ಅವ ಮೈಯ ಮಾಂಸ ಕರ್ಗ್ಸಿ ತಿಂತ. ಅಮ್ಮನ ತೋಳ್ ಎಲ್ಲಿಗ್ ಹೋಯ್ತ್, ಕಾಣಿ. ಹಸ್ದದ್ ಕಾವಲಿನವ್ರ್. ಅವ್ರಲ್ಲೂ ಕೆಲವ್ರ್ ಹುಳಿನೀರಗೆ ಇದ್ದಿದ್ದ್, ಕಳ್ಳನ ಚಾಕರಿಗೇ ನಿಂತ್ಕಂತ್ರ್. ಅವನ ಬೋಟಿಗೇ ಬಣ್ಣ ಬಳುದ್."

ಅಕ್ಕ ಮೆಲ್ಲಗೆ ನಕ್ಕಳು. "ನಮ್ ಊರಂಗೇ ಇತ್ತ್ ಅಲ್ದಾ ನನ್ನ ಮೈ."

"ಹ್ಞಾಂ ಅಮ್ಮ. ನಾನ್ ಕೊಡುವ ಮದ್ದ್ ಗಡ್ಡೆಯನ್ನ ಕೊಲ್ಲುದಲ್ಲ. ಗಡ್ಡೆ ಆ ಕಾವಲಿನವ್ರ ಕೈ ಕಟ್ಟಿ ಹಾಕಿತ್ತ್. ಮದ್ದ್ ಆ ಕಟ್ಟ್ ಬಿಚ್ಚತ್ತ್, ಅಷ್ಟೇ. ಹೊಡುಕ್ ಅವ್ರೇ. ಕಟ್ಟ್ ಬಿಚ್ಚಿರೂ, ಉಣ್ದೇ ಬಿದ್ಕಂಡವ ಎಂತ ಹೊಡಿತ?"

ಆ ದಿನ ಮದ್ದು ಕೊಡಲಿಲ್ಲ. ಸೋತ ಮೈಗೆ ಅದನ್ನು ಹಾಕುವ ಧೈರ್ಯ ಇಲ್ಲ, ಮೂರು ವಾರ ಬಿಟ್ಟು ಬನ್ನಿ ಎಂದಳು. ಅಷ್ಟರೊಳಗೆ ಅಕ್ಕ ಉಣ್ಣಬೇಕು. ಅನ್ನ, ಬೇಳೆ, ಮೊಟ್ಟೆ, ಹಾಲು, ಬಾಯಿಗೆ ರುಚಿಸಿದ್ದು ಯಾವುದಾದರೂ. "ಸಕ್ರೆ ಚೀಲಗಟ್ಲೆ ತಿನ್ನಿ ಹೇಳುದಲ್ಲ. ಮನ್ಷರ್ ಉಂಬಂಗೆ ಉಣ್ಣಿ. ತೂಕ ಬಂದ್ರೆ ಮದ್ದ್ ಕೊಡ್ತೆ. ಇಲ್ದಿರೆ ಇಲ್ಲೆ."

ಮನೆಗೆ ಬಂದೆವು. ಅಕ್ಕನ ಮಗಳು ಬೈಂದೂರಿನ ಅಂಗಡಿಗೆ ರಜೆ ಹೇಳಿ ಬಂದು, ಕುಚ್ಚಲಕ್ಕಿ ಗಂಜಿ ಮಾಡಿ, ಕೈಚೀಲದಲ್ಲಿ ತಂದಿದ್ದ ಒಂದೇ ಒಂದು ಚೂರು ಬೆಲ್ಲ ಮೇಲೆ ಹಾಕಿ ಅಮ್ಮನ ಎದುರಿಟ್ಟಳು. ಅಕ್ಕ ಬಟ್ಟಲನ್ನು ಮುಟ್ಟಲಿಲ್ಲ.

"ಡಾಕ್ಟ್ರೇ ಹೇಳಿರಲ್ದಾ ಅಮ್ಮ!"

"ಡಾಕ್ಟ್ರ್ ಹೇಳಿರ್. ದೇವ್ರ್ ಹೇಳ್ಲಿಲ್ಯಲೆ. ನಿನ್ ಮಾವ ಬರ್ದ್ ಕೊಟ್ಟದ್ ದೇವ್ರಿಗೆ." ಆಮೇಲೆ ನನ್ನ ಕಡೆ ತಿರುಗಿದಳು. "ಯಾರ್ ತಪ್ಪಿರೂ ಫಲ ನಿಂಗೇ ಅಂದೇಳಿ ಓದಿದ್ಯಲ್ದಾ ತಮ್ಮ?"

"ಅದ್ ಬರೀ ರೂಢಿ ಮಾತ್ ಅಕ್ಕ. ಎಲ್ಲಾ ಕಾಗ್ದದಗೂ ಬಪ್ಪುದೇ."

"ಹಂಗಾರೆ ನಲ್ವತ್ ವರ್ಷ ಜನ್ರಿಗೆ ಬರ್ದ್ ಕೊಟ್ಟದ್ದೂ ಬರೀ ರೂಢಿ ಮಾತಾ?"

ಅವಳು ಬಟ್ಟಲನ್ನು ಮಗಳ ಕಡೆ ತಳ್ಳಿದಳು. "ನಂಗ್ ಇಪ್ಪುದ್ ಒಬ್ಬ ತಮ್ಮ. ನಾನ್ ಗಂಜಿ ಉಂಡ್ ಅವನಿಗೆ ಎಂತಾರೂ ಆಪುದ್ ಬ್ಯಾಡ."

ಅಕ್ಕ ಹಟ ಮಾಡುವವಳಲ್ಲ. ಹಟವಾಗಿದ್ದರೆ ಮುರಿಯಬಹುದಿತ್ತು.

ಮರುದಿನವೇ ದೇವಸ್ಥಾನದ ಭಟ್ಟರ ಹತ್ತಿರ ಹೋದೆ. ಅವರು ಮುಡಿಪಿನ ಕಾಗದವನ್ನು ತರಿಸಿ ಓದಿದರು. ಎರಡು ಸಲ ಓದಿದರು. "ಹ್ವಾಯ್, ದೇವ್ರಿಗೇ ಇದ್ ಅರ್ಥ ಆಯ್ತೋ ಇಲ್ಯೋ ನಂಗೆ ಅನ್ಮಾನ" ಎಂದರು. ಆಮೇಲೆ, ಇದೊಂದು ದೊಡ್ಡ ವಿಷಯವೇ ಅಲ್ಲ, ಹರಕೆ ತಪ್ಪಿದ್ದಕ್ಕೆ ಒಂದು ತಪ್ಪು ಕಾಣಿಕೆ ಹಾಕಿ ಅಡ್ಡಬಿದ್ದರೆ ಮುಗಿಯಿತು ಎಂದರು. ಹಾಕಿದೆ. ಅಡ್ಡಬಿದ್ದೆ. ಬಂದು ಅಕ್ಕನಿಗೆ ಹೇಳಿದೆ.

"ಬಾಯಿಮಾತ್ ಬ್ಯಾಡ ತಮ್ಮ. ಬರ್ದದ್ದನ್ನ ಬರ್ದೇ ತೆಗಿ. ಯಾಕೆ ತೆಗುದ್ ಅಂದೇಳಿಯೂ ಬರಿ. ನೀನೇ ಹೇಳ್ತಿದ್ದಿಯಲ್ದಾ, ಕಾರಣ ಇಲ್ದೇ ರದ್ದ್ ಮಾಡುಕಾಗ ಅಂದೇಳಿ."

ನ್ಯಾಯವಾದ ಮಾತು. ರದ್ದತಿ ಪತ್ರದಲ್ಲಿ ಕಾರಣ ಕಾಣಿಸಲೇಬೇಕು. ಇಲ್ಲಿ ಕಾರಣ ಒಂದೇ: ಬರೆದುಕೊಟ್ಟವನ ತಿಳುವಳಿಕೆಯ ತಪ್ಪು. ಐದು ನಿಮಿಷದ ಕೆಲಸ.

ಹನ್ನೊಂದು ದಿನ ತೆಗೆದುಕೊಂಡೆ.

ಇದನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯಬೇಕು. ಆ ಹನ್ನೊಂದು ದಿನ ನಾನು ಸುಮ್ಮನೆ ಕೂತಿರಲಿಲ್ಲ. ತಪ್ಪು ಎಂಬ ಶಬ್ದ ಬರದ ಹಾಗೆ ಅದನ್ನು ಬರೆಯುವುದು ಹೇಗೆ ಎಂದು ನೋಡುತ್ತಿದ್ದೆ. ಮೊದಲು ರದ್ದತಿಯ ಬದಲು ತಿದ್ದುಪಡಿ ಪತ್ರ ಬರೆದೆ: ಅನ್ನ ಮತ್ತು ಗಂಜಿಯನ್ನು ಮಾತ್ರ ಪಟ್ಟಿಯಿಂದ ಕೈಬಿಡಲಾಗಿದೆ, ಬೆಲ್ಲದ ಷರತ್ತು ಹಾಗೇ ಮುಂದುವರಿಯತಕ್ಕದ್ದು. ಅರ್ಧ ಮಾನವಾದರೂ ಉಳಿಯಲಿ ಎಂದು. ಅಕ್ಕ ಕೇಳಿ, "ಗಡ್ಡೆ ಅರ್ಧ, ಕರಾರ್ ಅರ್ಧ" ಎಂದು ಕಣ್ಣು ಮುಚ್ಚಿದಳು. ಆಮೇಲೆ 'ವೈದ್ಯಕೀಯ ಪರಿಸ್ಥಿತಿಯ ಬದಲಾವಣೆಯ ಕಾರಣ' ಎಂದು ಬರೆದೆ. ಆಮೇಲೆ 'ಕಾಲಮಾನಕ್ಕನುಗುಣವಾಗಿ' ಎಂದು ಬರೆದೆ. ಎರಡನ್ನೂ ಅವಳಿಗೆ ಓದಿ ಹೇಳುವ ಧೈರ್ಯವಾಗದೆ ಹರಿದೆ. ಅಕ್ಕ ಆ ಕಡೆ ಸೊಪ್ಪು ತಿನ್ನುತ್ತಿದ್ದಳು. ಅವಳ ಮಗಳು ದಿನವೂ ಹೊಸದಾಗಿ ಗಂಜಿ ಮಾಡಿ, ದಿನವೂ ತಾನೇ ಉಂಡು, ನನ್ನ ಎದುರು ಬಂದು ನಿಲ್ಲುತ್ತಿದ್ದಳು.

"ಮಾವ, ಗೋಡೆ ಮೇಲೆ ಕ್ಯಾಲೆಂಡರ್ ಇತ್ತ್. ದಿನ ಓಡುಕಾಗ ಅಂದೇಳಿ ಅದಗೂ ನೀವ್ ಬರ್ದದ್ದೆಂತಾರೂ ಇತ್ತಾ?"

ಹನ್ನೊಂದನೇ ದಿನ ಮಧ್ಯಾಹ್ನ ತೆಂಗಿನಕಾಯಿ ಕೀಳುವವನು ಬಂದ. ಐದಾರು ಮರ ಹತ್ತಿ ಇಳಿದು, ಬೆವರೊರೆಸಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕೂತು, ಮೂವತ್ತು ವರ್ಷದ ಅಭ್ಯಾಸದಂತೆ ಒಳಗಿನ ಕಡೆಗೆ ಕೂಗಿದ. "ಹ್ವಾಯ್ ಅಮ್ಮಾ, ಒಂದ್ ಚೂರ್ ಬೆಲ್ಲ-ನೀರ್!"

ಅಕ್ಕ ಒಳಗೆ ಮಲಗಿದ್ದಳು. ಬೆಲ್ಲ ಇಲ್ಲವೆಂಬುದು ಆ ಕ್ಷಣಕ್ಕೆ ಮರೆತುಹೋಯಿತೇನೋ, "ಬಂದೆ" ಎಂದು ಎದ್ದಳು. ಎರಡು ಹೆಜ್ಜೆ ಬಂದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಹಾಗೆಯೇ ಕೆಳಗೆ ಕೂತುಬಿಟ್ಟಳು. ಬಿದ್ದದ್ದಲ್ಲ. ಕಾಲು ಇನ್ನು ಆಗುವುದಿಲ್ಲ ಎಂದಿತು, ಅವಳು ಅದರ ಮಾತು ಕೇಳಿದಳು. ತೆಂಗಿನವನು ಓಡಿ ಬಂದು ಎತ್ತಿ ಕೂರಿಸಿದ. ಅವಳನ್ನು ಎತ್ತಲು ಎರಡನೆಯ ಕೈ ಬೇಕಾಗಲಿಲ್ಲ. ಅವನು ಬರೀ ನೀರು ಕುಡಿದು ಹೋದ.

ಆಮೇಲೆ ಐದು ನಿಮಿಷದಲ್ಲಿ ಬರೆದೆ. "ಸದರಿ ಕರಾರನ್ನು ಈ ಮೂಲಕ ಸಂಪೂರ್ಣವಾಗಿ ರದ್ದುಪಡಿಸಿರುತ್ತೇನೆ. ಕಾರಣ: ಬರೆದುಕೊಟ್ಟವನ ತಿಳುವಳಿಕೆಯ ತಪ್ಪು." ಅಕ್ಷರ ಸ್ವಲ್ಪ ಓರೆಯಾಗಿತ್ತು. ಸಹಿ ಹಾಕಿ ಅಕ್ಕನ ಎದುರು ಓದಿದೆ. ಆ ಕೊನೆಯ ಮಾತನ್ನು ಬೇಗಬೇಗ ಓದಿ ಮುಗಿಸಿದೆ. ಅಕ್ಕ ಇನ್ನೊಂದು ಸಲ ಓದು ಎನ್ನಲಿಲ್ಲ.

"ದೇವ್ರ ಸಹಿ?" ಎಂದಳು.

"ಎದುರು ಪಕ್ಷದವ್ರ್ ಹಾಜರಿಲ್ಲೆ."

"ಜಾಗ ಬಿಡ್. ಅವ್ರಿಗ್ ಬರ್ಕ್ ಅಂತ ಕಂಡಾಗ ಬತ್ತ್ರ್." ಆಮೇಲೆ ಕೈ ಚಾಚಿದಳು. "ಸಾಕ್ಷಿ ನಾನ್ ಹಾಕ್ತೆ. ಮೊದ್ಲ್ ನೀ ತಿನ್ನ್. ನಿಂಗೆಂತ ಆತಿಲ್ಲೆ ಅಂದೇಳಿ ನಾನ್ ಕಾಣ್ಕ್."

ಮಗಳು ಅಂಗಡಿಯಿಂದ ಬೆಲ್ಲ ತಂದಳು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಷ್ಟು ದಿನ ಬಿಟ್ಟಿದ್ದ ನಾಲಿಗೆಗೆ ಅದು ಸಿಹಿಯಾಗಿರಬೇಕಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತಳು, ಬಹಳ ಹೊತ್ತು, ಸಿಡಿಲು ಯಾವ ಕಡೆಯಿಂದ ಬರುತ್ತದೆ ಎಂದು ನೋಡುವವಳ ಹಾಗೆ. ಏನೂ ಆಗಲಿಲ್ಲ. ಆಗ ಗಂಜಿಯ ಬಟ್ಟಲು ಹತ್ತಿರ ಎಳೆದುಕೊಂಡಳು. ರದ್ದತಿ ಪತ್ರವನ್ನು ಪೆನ್ನಿನ ಜೊತೆ ತಾನೇ ಇಟ್ಟುಕೊಂಡಳು. ಸಂಜೆ ನೋಡಿದರೆ ದೇವರ ಹಲಗೆಯ ಮೇಲೆ ಮುಡಿಪಿನ ಗಂಟು ಹೊಸದಾಗಿ ಕಟ್ಟಿತ್ತು.

ಉಳಿದ ಹತ್ತು ದಿನ ಅವಳು ಕೂಲಿ ಕೆಲಸ ಮಾಡುವವಳ ಹಾಗೆ ಉಂಡಳು. ಹಸಿವಿದ್ದು ಉಂಡದ್ದಲ್ಲ. ಒಂದೊಂದು ತುತ್ತನ್ನೂ ನೋಡಿ, ಉಸಿರು ತೆಗೆದುಕೊಂಡು, ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಕಾವಲಿನವ್ರಿಗೆ" ಎಂದು ಒಂದು ತುತ್ತು. "ಕಳ್ಳನ ಬೋಟಿಗೆ ಬಣ್ಣ ಬಳುವರಿಗೆ ಇಲ್ಲೆ" ಎಂದು ಇನ್ನೊಂದು ತುತ್ತು. ಮಗಳಿಗೆ ನಗು ಬರುತ್ತಿತ್ತು. ಬೆಲ್ಲದ ಡಬ್ಬಿ ಜಗಲಿಗೆ ವಾಪಸು ಬಂತು. ಮೊದಲು ಬಂದು ಬರೀ ನೀರು ಕುಡಿದು ಹೋದವರನ್ನೆಲ್ಲ ಫೋನು ಮಾಡಿ ಇನ್ನೊಂದು ಸಲ ಕರೆಸಬೇಕೆಂದಳು. ತೆಂಗಿನವನು ಎರಡು ಸಲ ಬಂದ, ಕೀಳಲು ಕಾಯಿಲ್ಲದಿದ್ದರೂ.

ಮೂರು ವಾರದ ಕೊನೆಗೆ ತೂಕದ ಯಂತ್ರ ಸ್ವಲ್ಪ ಮೇಲಕ್ಕೆ ಹೋಗಿತ್ತು, ಡಾಕ್ಟರಿಗೆ ಬೇಕಾದಷ್ಟಲ್ಲ. ಇನ್ನೊಂದು ವಾರ ಕಾಯಿಸಿ ಮದ್ದು ಕೊಟ್ಟಳು. ಬಾಟಲಿಯಿಂದ ಹನಿ ಇಳಿಯುವಾಗ ಅಕ್ಕ ಅದನ್ನೇ ನೋಡುತ್ತ, "ಕಟ್ಟ್ ಬಿಚ್ತಾ ಇತ್ತಾ?" ಎಂದು ಕೇಳುತ್ತಿದ್ದಳು. ಬಿಚ್ಚುತ್ತಿದೆ ಎಂದು ನಾನು ಹೇಳುತ್ತಿದ್ದೆ, ಕಂಡವನ ಹಾಗೆ. ಅದಾದ ಮೇಲೆ ಇನ್ನೊಂದು ಸಲವೂ ಆಯಿತು. ಕೆಮ್ಮು ಕಡಿಮೆಯಾಯಿತು. ಒಂದು ದಿನ ತಾ‌ನೇ ಬಾವಿಯ ತನಕ ನಡೆದು ಹೋಗಿ, ಬಸಳೆ ಚಪ್ಪರದ ಕೆಳಗೆ ನಿಂತು, "ಇದನ್ನ ಇನ್ನ್ ನಾಕ್ ವರ್ಷ ತಿಂಬುದಿಲ್ಲೆ ನಾನ್" ಎಂದು ಬಸಳೆಗೇ ಹೇಳಿ ಬಂದಳು.

ನಾಲ್ಕು ವರ್ಷ ಸಿಗಲಿಲ್ಲ. ಮಳೆ ಹಿಡಿದ ಮೇಲೆ ಉಸಿರು ಕಷ್ಟವಾಯಿತು. ಮತ್ತೆ ಸ್ಕ್ಯಾನ್ ಮಾಡಿದರು. ಈ ಸಲ ಚಿತ್ರವನ್ನು ನಾನು ಕೇಳಲಿಲ್ಲ, ಡಾಕ್ಟರೇ ತೋರಿಸಿದಳು. ಹಣತೆಗಳು ಹೆಚ್ಚಾಗಿದ್ದವು. ಮೇಲೆ ಅಕ್ಕನ ಮಂಡೆ ಮಾತ್ರ ಮೊದಲಿನ ಹಾಗೇ ಹೊಳೆಯುತ್ತಿತ್ತು. ಎಂಟು ದಿನದ ಮೇಲೆ, ಒಂದು ಬೆಳಿಗ್ಗೆ, ಮಗಳು ಚಮಚದಲ್ಲಿ ಗಂಜಿಯ ತಿಳಿ ಕುಡಿಸುತ್ತಿರುವಾಗ ಅಕ್ಕ ಬಾಯಿ ಮುಚ್ಚಿದಳು. ಸಾಕು ಎಂದಿರಬೇಕು ಎಂದು ನಾವು ತಿಳಿದೆವು. ಹೌದು, ಅದನ್ನೇ ಹೇಳಿದ್ದಳು.

ಹದಿನಾಲ್ಕನೆಯ ದಿನದ ಕೆಲಸವೆಲ್ಲ ಮುಗಿದ ಮೇಲೆ, ಉಳಿದ ಮಾತ್ರೆಗಳನ್ನು ವಾಪಸು ಕೊಡುವ ನೆಪದಲ್ಲಿ ದೊಡ್ಡಾಸ್ಪತ್ರೆಗೆ ಹೋದೆ. ಮಾತ್ರೆಗಳನ್ನು ಅಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲವೆಂದು ನನಗೆ ಗೊತ್ತಿತ್ತು. ಡಾಕ್ಟರು ಕುರ್ಚಿ ತೋರಿಸಿದಳು. ಕೇಳಿದೆ.

"ನಾನ್ ಸೊಪ್ಪ್ ತಿನ್ಸದ್ದ್. ಆಮೇಲಿನ ಆ ಹನ್ನೊಂದ್ ದಿನ. ಅದ್ ಇಲ್ದಿರೆ ಅಕ್ಕ ಉಳಿತಿದ್ಲಾ?"

ಅವಳು ಕೂಡಲೇ ಇಲ್ಲ ಎನ್ನುತ್ತಾಳೆ, ನಾನು ಅದನ್ನು ನಂಬಿದ ಹಾಗೆ ಮಾಡಿ ಎದ್ದುಬರುತ್ತೇನೆ ಎಂದುಕೊಂಡು ಹೋಗಿದ್ದೆ. ಅವಳು ನಾನು ತಂದ ಮಾತ್ರೆಗಳನ್ನು ಮೇಜಿನ ಪಕ್ಕಕ್ಕೆ ಸರಿಸಿದಳು.

"ಗೊತ್ತಿಲ್ಲೆ. ಸಮಾ ಉಂಡವ್ರಿಗೂ ಈ ಮದ್ದ್ ಹಿಡಿಯದೇ ಹೋದ್ದಿತ್ತ್. ಸೋತವ್ರಿಗೆ ಹಿಡ್ದದ್ದೂ ಇತ್ತ್. ಅದ್ರಿಂದ್ಲೇ ಆಯ್ತ್ ಅಂದೇಳಿಯೂ ನಾನ್ ಬರ್ದ್ ಕೊಡುಕಾಗ, ಆಯ್ಲಿಲ್ಲೆ ಅಂದೇಳಿಯೂ ಕೊಡುಕಾಗ. ನೀವ್ ಅವ್ರನ್ನ ಉಳ್ಸುಕೆ ಅಂದೇಳಿಯೇ ಮಾಡದ್ದ್, ಅದ್ ಮಾತ್ರ ನಂಗ್ ಗೊತ್ತಿತ್ತ್."

ಒಳ್ಳೆಯ ದಸ್ತಾವೇಜು ಬರಹಗಾರ್ತಿಯಾಗುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಸಹಿ ಹಾಕಲಿಲ್ಲ.

ಮನೆಗೆ ಬಂದು ದೇವರ ಹಲಗೆಯ ಮೇಲಿನ ಮುಡಿಪು ಬಿಚ್ಚಿದೆ. ನಾಣ್ಯವನ್ನು ದೇವಸ್ಥಾನಕ್ಕೆ ಮುಟ್ಟಿಸಬೇಕಿತ್ತು. ಒಳಗೆ ಎರಡೂ ಕಾಗದ ಒಂದರ ಮೇಲೊಂದು ಮಡಚಿದ್ದವು. ರದ್ದತಿ ಪತ್ರದ ಕೆಳಗೆ ದೇವರಿಗೆ ಬಿಟ್ಟ ಜಾಗ ಹಾಗೇ ಖಾಲಿ ಇತ್ತು. ಸಾಕ್ಷಿಯ ಜಾಗದಲ್ಲಿ ಅಕ್ಕನ ನಾಲ್ಕನೇ ಕ್ಲಾಸಿನ ಅಕ್ಷರ. ಮೊದಲು ಅವಳ ಸಹಿ. ಅದರ ಕೆಳಗೆ, "ತಮ್ಮ ಬೆಲ್ಲ ತಿಂದ. ಕಂಡಿದ್ದೆ."

ಇಷ್ಟೇ ಆಗಿದ್ದರೆ ಮಡಚಿ ಇಡುತ್ತಿದ್ದೆ. ಮೇಲೆ, ಕಾರಣ ಕಾಣಿಸುವ ಸಾಲಿನಲ್ಲಿ, 'ಬರೆದುಕೊಟ್ಟವನ ತಿಳುವಳಿಕೆಯ ತಪ್ಪು' ಎಂಬ ಮಾತಿನ ಮೇಲೆ ಒಂದು ಗೆರೆ ಎಳೆದಿತ್ತು. ಗೆರೆ ನಡುಗಿ ಮೇಲೆ ಕೆಳಗೆ ಹೋಗಿತ್ತು, ಆದರೆ ಒಂದು ಶಬ್ದವನ್ನೂ ಬಿಟ್ಟಿರಲಿಲ್ಲ. ದಸ್ತಾವೇಜಿನಲ್ಲಿ ಏನನ್ನಾದರೂ ಹೊಡೆದುಹಾಕಿದರೆ ಪಕ್ಕದಲ್ಲಿ ಸಣ್ಣ ಸಹಿ ಇರಬೇಕು ಎಂದು ಯಾವತ್ತೋ ಊಟದ ಹೊತ್ತಿಗೆ ನಾನು ಜಂಬದಿಂದ ಹೇಳಿದ್ದು ಅವಳಿಗೆ ನೆನಪಿತ್ತು. ಗೆರೆಯ ಪಕ್ಕದಲ್ಲಿ ಅವಳ ಸಣ್ಣ ಸಹಿಯೂ ಇತ್ತು.

ನಿಯಮದ ಪ್ರಕಾರ ಸಾಕ್ಷಿಗೆ ತಿದ್ದುವ ಅಧಿಕಾರವಿಲ್ಲ. ಬರೆದುಕೊಟ್ಟವನು ಮಾತ್ರ ತಾನು ಬರೆದದ್ದನ್ನು ಹೊಡೆದುಹಾಕಬಹುದು. ಆದ್ದರಿಂದ ಸದರಿ ತಿದ್ದುಪಡಿ ಊರ್ಜಿತವಲ್ಲ, ಹೊಡೆದ ಮಾತು ಇದ್ದ ಹಾಗೇ ಇದೆ ಎಂದು ಓದಿಕೊಳ್ಳತಕ್ಕದ್ದು. ನಾನು ಹಾಗೆಯೇ ಓದಿಕೊಳ್ಳುತ್ತೇನೆ. ಕಾಗದವನ್ನು ಜಗಲಿಯ ಬೆಲ್ಲದ ಡಬ್ಬಿಯ ಅಡಿಯಲ್ಲಿ ಇಟ್ಟಿದ್ದೇನೆ. ಯಾರಾದರೂ ಬಿಸಿಲಲ್ಲಿ ಬಂದರೆ ಡಬ್ಬಿ ಎತ್ತಬೇಕಾಗುತ್ತದೆ.